ತುಳಸಿಗೆ ಹಾಕಿದ ನೀರು: ಕಲಬುರಗಿಯ ಒಂದು ವಿದ್ಯಾರ್ಥಿ ವಿನಿಮಯ ಪ್ರಕರಣ

ಆ ಹುಡುಗಿ ಜರ್ಮನಿಯವಳು. ಹದಿನಾರು ವರ್ಷ. ಒಂದು ಶೈಕ್ಷಣಿಕ ವರ್ಷ ನಮ್ಮ ಜೊತೆ ಇದ್ದು ಓದೋಕೆ ಕಲಬುರಗಿಗೆ ಬಂದಿದ್ದಳು. ಅವಳಿಗೆ ಮನೆ ಹುಡುಕಿದವಳು ನಾನು. ಆ ಮನೆ ಸರಿಯಿದೆ ಅಂತ ಫಾರ್ಮ್ ತುಂಬಿ ಸಹಿ ಮಾಡಿದವಳೂ ನಾನು. ತಿಂಗಳಿಗೊಮ್ಮೆ ಅವಳ ಬಗ್ಗೆ ವರದಿ ಬರೆಯುತ್ತಿದ್ದವಳೂ ನಾನೇ. ಶಾಲೆಯಲ್ಲಿ ಅವಳಿಗೆ ಇಂಗ್ಲಿಷ್ ಪಾಠವನ್ನೂ ನಾನೇ ಮಾಡುತ್ತಿದ್ದೆ. ಇಷ್ಟೆಲ್ಲ ಇದ್ದೂ ಆರು ವಾರ ಅವಳು ಪಟ್ಟ ಕಷ್ಟ ನನ್ನ ಕಣ್ಣಿಗೆ ಬೀಳಲಿಲ್ಲ.

ಇದು ಕೆಲವು ವರ್ಷದ ಹಿಂದಿನ ಮಾತು. ಗುರುತು ಸಿಗುವಂಥ ವಿವರಗಳನ್ನು ಬಿಟ್ಟಿದ್ದೇನೆ. ಕಲಬುರಗಿ, ಬೀದರ, ಯಾದಗಿರಿ ಕಡೆ ಈಗ ಯಾರಾದರೂ ಹೈಸ್ಕೂಲು ಮಕ್ಕಳ ವಿನಿಮಯ ಕಾರ್ಯಕ್ರಮ ನಡೆಸಬೇಕು ಅಂತಿದ್ದರೆ ಅವರು ಇದನ್ನು ಓದಲಿ ಅನ್ನೋದು ನನ್ನ ಆಸೆ.

ಹಿನ್ನೆಲೆ

ಮಕ್ಕಳನ್ನು ದೂರದ ಊರಿಗೆ ಕಳಿಸಿ ಓದಿಸೋದು ನಮ್ಮ ಭಾಗಕ್ಕೆ ಹೊಸದೇನಲ್ಲ. ಜವಾಹರ್ ನವೋದಯ ವಿದ್ಯಾಲಯಗಳಲ್ಲಿ ಒಂಬತ್ತನೇ ತರಗತಿಯ ಶೇ. 30ರಷ್ಟು ಮಕ್ಕಳು ಒಂದು ವರ್ಷ ಹಿಂದಿ ಭಾಗದ ನವೋದಯಕ್ಕೆ ಹೋಗುತ್ತಾರೆ. ಅಲ್ಲಿನ ಮಕ್ಕಳು ಇಲ್ಲಿಗೆ ಬರುತ್ತಾರೆ. ಆದರೆ ಅಲ್ಲಿ ಹಾಸ್ಟೆಲ್ ಇರುತ್ತದೆ, ವಾರ್ಡನ್ ಇರುತ್ತಾರೆ, ಮಲಗೋ ಜಾಗ, ಊಟದ ಹೊತ್ತು ಎಲ್ಲವೂ ಗೊತ್ತುಪಡಿಸಿದ್ದು. ಒಂದು ಮಗುವನ್ನು ಇನ್ನೊಬ್ಬರ ಮನೆಯೊಳಗೆ, ಅವರ ಸಂಸಾರದ ನಡುವೆ ತಂದು ಇರಿಸೋದು ಬೇರೆಯದೇ ಕೆಲಸ.

ಅಂತರರಾಷ್ಟ್ರೀಯ ಹೈಸ್ಕೂಲು ವಿನಿಮಯ ನಿಂತಿರೋದು ಈ ಮನೆಗಳ ಮೇಲೆ. ಮೊದಲನೇ ಮಹಾಯುದ್ಧದ ಕಾಲದಲ್ಲಿ ಆಂಬುಲೆನ್ಸ್ ಓಡಿಸುತ್ತಿದ್ದ ಸ್ವಯಂಸೇವಕರ ಎಎಫ್‌ಎಸ್ ಸಂಸ್ಥೆ 1947ರಲ್ಲಿ ಶಾಲಾ ಮಕ್ಕಳ ವಿನಿಮಯ ಶುರು ಮಾಡಿತು. ರೋಟರಿ 15ರಿಂದ 19 ವರ್ಷದವರಿಗೆ ನಡೆಸುತ್ತದೆ. ಅಮೆರಿಕ ಸರ್ಕಾರ 2002ರಲ್ಲಿ ಆರಂಭಿಸಿದ ಯೆಸ್ ಕಾರ್ಯಕ್ರಮದಲ್ಲಿ ಭಾರತದ ಮಕ್ಕಳೂ ಹೋಗಿದ್ದಾರೆ. ಅಮೆರಿಕದಲ್ಲಿ ಇಂಥ ಕಾರ್ಯಕ್ರಮಗಳನ್ನು ಪರಿಶೀಲಿಸಿ ಪಟ್ಟಿ ಪ್ರಕಟಿಸಲು ಸಿಎಸ್‌ಐಇಟಿ ಅನ್ನೋ ಮಂಡಳಿಯೇ 1984ರಿಂದ ಇದೆ.

ಇಂಥ ವಿನಿಮಯ ನಡೆಸುವ ನಮ್ಮ ಸಂಸ್ಥೆ ಚಿಕ್ಕದು. ನಮ್ಮ ನಿಯಮಗಳು ಎರಡು ಪುಟ. ಅವನ್ನು ಬರೆಯುವಾಗ ಅಮೆರಿಕದ ವಿದೇಶಾಂಗ ಇಲಾಖೆ ಜೆ-1 ಅನ್ನೋ ವಿನಿಮಯ ವೀಸಾದಲ್ಲಿ ಬರುವ ಹೈಸ್ಕೂಲು ವಿದ್ಯಾರ್ಥಿಗಳಿಗೆ ಮಾಡಿದ ನಿಯಮಗಳನ್ನು ಮುಂದಿಟ್ಟುಕೊಂಡಿದ್ದೆವು. ಅವು ಅಮೆರಿಕಕ್ಕೆ ಹೋಗುವ ಮಕ್ಕಳ ನಿಯಮ, ಇಲ್ಲಿಗೆ ಅವು ಕಾನೂನಲ್ಲ. ಆದರೂ ಅಷ್ಟು ವಿವರವಾಗಿ ಬರೆದದ್ದನ್ನು ನಾನು ಬೇರೆಲ್ಲೂ ನೋಡಿಲ್ಲ. ಮಗುವನ್ನು ಇರಿಸಿಕೊಳ್ಳುವ ಮನೆಯಲ್ಲಿ 18 ದಾಟಿದ ಪ್ರತಿಯೊಬ್ಬರ ಪೊಲೀಸ್ ಹಿನ್ನೆಲೆ ನೋಡಬೇಕು. ಮನೆಯವರೆಲ್ಲ ಇರುವಾಗ ಮನೆಗೇ ಹೋಗಿ ಮಾತಾಡಬೇಕು. ಹೊರಗಿನ ಇಬ್ಬರು ಆ ಮನೆಯವರ ಬಗ್ಗೆ ಹೇಳಬೇಕು. ಶಾಲೆ ಸೇರಿಸಿಕೊಳ್ಳುತ್ತೇವೆ ಅಂತ ಬರಹದಲ್ಲಿ ಕೊಡಬೇಕು. ಮಗುವಿಗೆ ತನ್ನದೇ ಮಂಚ ಇರಬೇಕು, ಅದು ಮಡಚೋದಾಗಲಿ, ಗಾಳಿ ತುಂಬೋದಾಗಲಿ ಆಗಿರಬಾರದು. ಬಟ್ಟೆ ಇಡೋಕೆ ಜಾಗ ಇರಬೇಕು. ಬಾತ್‌ರೂಮಿಗೆ ತಕ್ಕಮಟ್ಟಿಗೆ ಸಲೀಸಾಗಿ ಹೋಗಿಬರುವಂತಿರಬೇಕು. ಬೆಂಕಿಗಿಂಕಿ ಬಿದ್ದರೆ ಹೊರಗೆ ಓಡೋಕೆ ದಾರಿ ಇರಬೇಕು.

ಬಾತ್‌ರೂಮಿನ ಸಾಲನ್ನು ನಾವು ನಮ್ಮ ಎರಡು ಪುಟಕ್ಕೆ ತೆಗೆದುಕೊಳ್ಳಲಿಲ್ಲ. ಎಲ್ಲರ ಮನೆಯಲ್ಲೂ ಬಾತ್‌ರೂಮ್ ಇರುತ್ತದೆ, ಇದನ್ನೇನು ಬರೆಯೋದು ಅನ್ನಿಸಿತ್ತು.

ಇನ್ನೊಂದು ನಿಯಮವನ್ನು ತೆಗೆದುಕೊಂಡಿದ್ದೆವು. ಮಗು ಮನೆಗೆ ಬಂದ ಎರಡು ತಿಂಗಳೊಳಗೆ ಎರಡನೇ ಸಲ ಆ ಮನೆಗೆ ಹೋಗಬೇಕು, ಮೊದಲು ಮನೆ ನೋಡಿ ಒಪ್ಪಿದವರು ಆ ಸಲ ಹೋಗಬಾರದು, ಬೇರೆಯವರು ಹೋಗಬೇಕು. ರೋಟರಿಯಲ್ಲೂ ಇದಕ್ಕೆ ಹತ್ತಿರದ ನಿಯಮ ಇದೆ. ವಿದ್ಯಾರ್ಥಿಯ ಸಲಹೆಗಾರ ಆ ಮಗು ಉಳಿದುಕೊಂಡ ಮನೆಯವನೇ ಆಗಿರಬಾರದು. ಎರಡನೇ ಭೇಟಿಯ ನಿಯಮವನ್ನು ನಾವು ಬರೆದುಕೊಂಡಿದ್ದೆವು, ಆದರೆ 'ಸಾಧ್ಯವಾದರೆ' ಅಂತ ಒಂದು ಪದ ಸೇರಿಸಿದ್ದೆವು.

ಮನೆ

ಸೇಡಂ ರಸ್ತೆ ಕಡೆ ಒಂದು ಕಾಲನಿ. ಆ ಮನೆಯಾಕೆ ನಾನು ಬಿ.ಎಡ್. ಮಾಡುವಾಗಿನ ಗೆಳತಿ. ವಯಸ್ಸಲ್ಲಿ ನನಗಿಂತ ಚಿಕ್ಕವಳು, ನನ್ನನ್ನು ಅಕ್ಕಾ ಅಂತಾಳೆ. ಗಂಡ ನೌಕರಿಯಲ್ಲಿದ್ದಾರೆ. ಅತ್ತೆ ಇದ್ದಾರೆ, ಮನೆಯಲ್ಲಿ ಎಲ್ಲರೂ ಅವರಿಗೆ ಆಯಿ ಅನ್ನುತ್ತಾರೆ. ಹದಿನಾಲ್ಕರ ಮಗಳು, ಹತ್ತರ ಮಗ. ಮಗಳ ಕೋಣೆಯಲ್ಲಿ ಇನ್ನೊಂದು ಮಂಚ ಹಾಕಿದರು. ಹೊಸ ಗಾದಿ ತಂದರು. ಕಪಾಟಿನಲ್ಲಿ ಎರಡು ಅರೆ ಖಾಲಿ ಮಾಡಿಕೊಟ್ಟರು. ನಾನು ಹೋಗಿ ನೋಡಿ ಫೋಟೊ ತೆಗೆದೆ. 'ಮನೆಯಲ್ಲಿ ಎಷ್ಟು ಜನ' ಅನ್ನೋ ಪ್ರಶ್ನೆಗೆ ಐದು, ಅದರಲ್ಲಿ ದೊಡ್ಡವರು ಮೂವರು ಅಂತ ಬರೆದೆ. ಮೂವರದೂ ಸೇವಾ ಸಿಂಧುದಲ್ಲಿ ಅರ್ಜಿ ಹಾಕಿಸಿ ಪೊಲೀಸ್ ವೆರಿಫಿಕೇಶನ್ ಸರ್ಟಿಫಿಕೇಟ್ ತರಿಸಿದೆವು. ಎಪ್ಪತ್ತು ದಾಟಿದ ಆಯಿಯದೂ ಬಿಡಲಿಲ್ಲ. ಅಲ್ಲಿಗೆ ನಮ್ಮ ಕೆಲಸ ಪಕ್ಕಾ ಆಯಿತು ಅಂದುಕೊಂಡೆವು.

ಜುಲೈ ಎರಡನೇ ವಾರ ಹುಡುಗಿ ಬಂದಳು. ಸರ್ಕಾರಿ ಕಾಗದ ಪತ್ರದಲ್ಲಿ ನಾವು ಎಡವಲಿಲ್ಲ. ವಿದೇಶಿಯರನ್ನು ಮನೆಯಲ್ಲಿ ಇರಿಸಿಕೊಂಡರೆ 24 ಗಂಟೆಯೊಳಗೆ ಆನ್‌ಲೈನಲ್ಲಿ ಸಿ ಫಾರ್ಮ್ ತುಂಬಬೇಕಿತ್ತು. ಅದಕ್ಕೆ ಬೇಕಾದ ಲಾಗಿನ್ ಅನ್ನು ಮನೆಯವರ ಹೆಸರಲ್ಲಿ ಮೊದಲೇ ಮಾಡಿಸಿಟ್ಟಿದ್ದೆವು. ವೀಸಾ 180 ದಿನಕ್ಕಿಂತ ಜಾಸ್ತಿ ಇದ್ದದ್ದರಿಂದ 14 ದಿನದೊಳಗೆ ನೋಂದಣಿ ಮಾಡಿಸಬೇಕಿತ್ತು, ಅದನ್ನೂ ಮಾಡಿಸಿದೆವು.

ಆಗಸ್ಟ್ ಮಧ್ಯದಲ್ಲಿ ಆ ಮನೆಗೆ ಇನ್ನೊಬ್ಬರು ಬಂದರು. ಗೆಳತಿಯ ಮೈದುನ, ಮಕ್ಕಳಿಗೆ ಕಾಕಾ. ಇಪ್ಪತ್ನಾಲ್ಕು ವರ್ಷ. ಊರಲ್ಲಿ ಓದೋಕೆ ಆಗಲ್ಲ ಅಂತ ಪೊಲೀಸ್ ಪರೀಕ್ಷೆಗೆ ಕೋಚಿಂಗ್ ಸೇರಲು ಬಂದವನು. ಹಾಲ್‌ನಲ್ಲಿ ಚಾಪೆ ಹಾಸಿಕೊಂಡು ಮಲಗುತ್ತಿದ್ದ, ರಾತ್ರಿ ಒಂದರವರೆಗೆ ಓದುತ್ತಿದ್ದ. ಇದನ್ನು ನನಗೆ ಯಾರೂ ಮುಚ್ಚಿಡಲಿಲ್ಲ. ಹೇಳಬೇಕು ಅಂತ ಅವರಿಗೆ ಹೊಳೆಯಲೇ ಇಲ್ಲ. ತಮ್ಮ ಅಣ್ಣನ ಮನೆಗೆ ಬಂದರೆ ಅದೊಂದು ಸುದ್ದಿಯಾ? ನಮ್ಮ ಕಡೆ ಮನೆ ಅಂದರೆ ಹಾಗೇ. ಕಾಲೇಜಿಗೆ ಅಂತ ಅಕ್ಕನ ಮಗ ಬಂದಿರುತ್ತಾನೆ, ದವಾಖಾನೆಗೆ ತೋರಿಸೋಕೆ ಊರಿಂದ ಮಾವ ಬಂದು ಹತ್ತು ದಿನ ಇರುತ್ತಾರೆ. 'ನಿಮ್ಮ ಮನ್ಯಾಗ ಎಷ್ಟು ಮಂದಿ' ಅಂತ ಕೇಳಿದರೆ ಅವರನ್ನು ಯಾರೂ ಲೆಕ್ಕ ಹಿಡಿಯೋದಿಲ್ಲ.

ನಾನೂ ಆ ನಡುವೆ ಒಂದು ಸಲ ಆ ಮನೆಗೆ ಹೋಗಿದ್ದೆ, ಗಣೇಶ ಚೌತಿಗೆ. ಕಾಕಾನೇ ನನಗೆ ಚಹಾ ತಂದುಕೊಟ್ಟ. ಹಬ್ಬಕ್ಕೆ ಬಂದಿದ್ದಾನೆ ಅಂದುಕೊಂಡೆ.

ಬಾಟಲಿ

ತಿಂಗಳ ವರದಿಗೆ ಗೆಳತಿಗೆ ಫೋನ್ ಮಾಡುತ್ತಿದ್ದೆ. ಸ್ಪೀಕರ್ ಹಾಕಿ ಹುಡುಗಿಯ ಕೈಗೂ ಕೊಡುತ್ತಿದ್ದಳು. "ಫೈನ್" ಅನ್ನುತ್ತಿದ್ದಳು. ಶಾಲೆಯಲ್ಲಿ ದಿನಾ ನೋಡ್ತೀನಲ್ಲ ಅಂತ ನಾನು ಬೇರೆ ಕೂರಿಸಿ ಮಾತಾಡಿಸಲಿಲ್ಲ. ಕ್ಲಾಸಿನಲ್ಲಿ ಐವತ್ತು ಮಕ್ಕಳ ನಡುವೆ ನೋಡೋದು, ಒಬ್ಬಳನ್ನೇ ಕೂರಿಸಿಕೊಂಡು ಕೇಳೋದು ಒಂದೇ ಅಲ್ಲ.

ಸೆಪ್ಟೆಂಬರ್ ವರದಿಯ ಹೊತ್ತಿಗೆ ಗೆಳತಿ ಖುಷಿಯಿಂದ ಹೇಳಿದಳು: "ಅಕ್ಕಾ, ಏನ್ ಹೇಳ್ಲಿ ನಿಮಗ! ದಿನಾ ಸಂಜಿ ಸಾಲಿಂದ ಬಂದಕೂಡ್ಲೆ ತುಳಸಿಗೆ ನೀರ್ ಹಾಕ್ತಾಳ. ನಮ್ಮ ಹುಡುಗ್ರಿಗೆ ಹೇಳಿದ್ರೂ ಮಾಡಂಗಿಲ್ಲ."

ನನಗೂ ಖುಷಿಯಾಯಿತು. 'ಮನೆಯ ಪದ್ಧತಿಗಳಿಗೆ ಚೆನ್ನಾಗಿ ಹೊಂದಿಕೊಂಡಿದ್ದಾಳೆ, ಪ್ರತಿ ಸಂಜೆ ತುಳಸಿಗೆ ನೀರು ಹಾಕುತ್ತಾಳೆ' ಅಂತ ವರದಿಯಲ್ಲಿ ಬರೆದೆ. ಆ ಹಾಳೆ ಇವತ್ತೂ ನನ್ನ ಹತ್ತಿರ ಇದೆ.

ಎರಡನೇ ಭೇಟಿ ಆಗಿಲ್ಲ ಅಂತ ಹುಡುಗಿಯನ್ನು ಕಳಿಸಿದ ಜರ್ಮನಿಯ ಸಂಸ್ಥೆಯಿಂದ ಎರಡು ಸಲ ಇಮೇಲ್ ಬಂತು. ಆಗಲೇ ಹನ್ನೊಂದನೇ ವಾರ. ಬೀದರದಲ್ಲಿ ನಮ್ಮ ಒಬ್ಬ ಸದಸ್ಯೆ ಇದ್ದರು, ನಿವೃತ್ತ ನರ್ಸ್. ಬೀದರ-ಕಲಬುರಗಿ ರೈಲು 2017ರಿಂದ ಓಡುತ್ತಿದೆ, 110 ಕಿಲೋಮೀಟರ್ ದಾರಿ. ಅದರಲ್ಲೇ ಬಂದರು. ಆ ಮನೆಯವರ ಮುಖ ಅವರು ನೋಡಿರಲಿಲ್ಲ. ನಾನು ಜೊತೆಗೆ ಬರ್ತೀನಿ ಅಂದೆ. ಬೇಡ ಅಂದರು.

ಮುಂದಿನದು ಅವರು ನನಗೆ ಹೇಳಿದ್ದು. ಸಂಜೆ ಐದಕ್ಕೆ ಹುಡುಗಿ ಶಾಲೆಯಿಂದ ಬಂದಳು. ಚೀಲದಿಂದ ಸ್ಟೀಲ್ ಬಾಟಲಿ ತೆಗೆದಳು. ಒಂದು ಲೀಟರಿನದು, ಬೆಳಿಗ್ಗೆ ಮನೆಯಾಕೆ ತುಂಬಿಕೊಟ್ಟದ್ದು. ಅಂಗಳಕ್ಕೆ ಹೋಗಿ ಮುಚ್ಚಳ ತೆಗೆದು ತುಳಸಿ ಕಟ್ಟೆಗೆ ಸುರಿದಳು. ನೀರು ಸುರಿಯುತ್ತಲೇ ಇತ್ತು. ಮನೆಯಾಕೆ "ನೋಡ್ರಿ" ಅಂತ ಅಭಿಮಾನದಿಂದ ತೋರಿಸಿದಳು. ನರ್ಸ್ ನೋಡಿದ್ದು ತುಳಸಿಯನ್ನಲ್ಲ. ಬಾಟಲಿ ಪೂರ್ತಿ ತುಂಬಿತ್ತು ಅನ್ನೋದನ್ನು. ಬೆಳಿಗ್ಗೆ ಎಂಟರಿಂದ ಸಂಜೆ ಐದರವರೆಗೆ, ಕಲಬುರಗಿಯ ಸೆಕೆಯಲ್ಲಿ, ಈ ಮಗು ಒಂದು ಗುಟುಕೂ ನೀರು ಕುಡಿದಿಲ್ಲ.

ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿಕೊಂಡು ಕೇಳಿದರು. ನೀರು ಯಾಕೆ ಕುಡಿಯಲ್ಲ? ಮೊದಲು ಅವಳು ಏನೂ ಹೇಳಲಿಲ್ಲ. ಆಮೇಲೆ ಅಳೋಕೆ ಶುರು ಮಾಡಿದಳು. ಕೋಣೆಯಿಂದ ಬಾತ್‌ರೂಮಿಗೆ ಹೋಗಬೇಕು ಅಂದರೆ ಹಾಲ್ ದಾಟಬೇಕು. ಹಾಲ್‌ನಲ್ಲಿ ಕಾಕಾ ಮಲಗಿರುತ್ತಾನೆ, ಇಲ್ಲವೇ ಲೈಟ್ ಹಾಕಿಕೊಂಡು ಓದುತ್ತಿರುತ್ತಾನೆ. "ಅವರು ಏನೂ ಮಾಡಿಲ್ಲ. ಒಳ್ಳೆಯವರು. ಆದರೆ ರಾತ್ರಿ ಅವರ ಪಕ್ಕದಿಂದ ಹೋಗೋಕೆ ನನಗೆ ಆಗಲ್ಲ." ಆದ್ದರಿಂದ ರಾತ್ರಿ ಏಳಬೇಕಾಗದ ಹಾಗೆ ಹಗಲಿನಿಂದಲೇ ನೀರು ಕುಡಿಯೋದು ಬಿಟ್ಟಿದ್ದಳು. ತುಂಬಿದ ಬಾಟಲಿ ವಾಪಸ್ ತಂದರೆ ಮನೆಯಾಕೆ ಬೇಜಾರು ಮಾಡಿಕೊಳ್ಳುತ್ತಾಳೆ ಅಂತ ತುಳಸಿಗೆ ಸುರಿಯುತ್ತಿದ್ದಳು. ಎರಡು ವಾರದಿಂದ ಉರಿಮೂತ್ರ ಬೇರೆ. ಅದನ್ನು ಯಾರಿಗೆ ಹೇಳಬೇಕು ಅಂತ ಗೊತ್ತಾಗಿರಲಿಲ್ಲ.

ನರ್ಸ್ ಇನ್ನೊಂದು ಪ್ರಶ್ನೆಯನ್ನು ಸುತ್ತಿಬಳಸದೆ ಕೇಳಿದರು. ಯಾರಾದರೂ ಮುಟ್ಟಿದ್ದಾರಾ, ಕೆಟ್ಟ ಮಾತಾಡಿದ್ದಾರಾ, ಫೋನಿನಲ್ಲಿ ಏನಾದರೂ ಕಳಿಸಿದ್ದಾರಾ? ಇಲ್ಲ, ಇಲ್ಲ, ಇಲ್ಲ. ಈ ಕೆಲಸಕ್ಕೆ ಇಳಿದವರಿಗೆಲ್ಲ ಇದು ಗೊತ್ತಿರಬೇಕು: 18 ತುಂಬದ ಯಾವ ದೇಶದ ಮಗುವಾದರೂ ಇಲ್ಲಿ ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಯುವ ಪೋಕ್ಸೊ ಕಾಯ್ದೆ, 2012ರ ರಕ್ಷಣೆಯಲ್ಲಿ ಬರುತ್ತದೆ. ಉತ್ತರ ಹೌದು ಅಂತ ಬಂದಿದ್ದರೆ ಪೊಲೀಸರಿಗೆ ತಿಳಿಸೋದು ನಮ್ಮ ಇಷ್ಟಕ್ಕೆ ಬಿಟ್ಟ ವಿಷಯ ಆಗುತ್ತಿರಲಿಲ್ಲ. 19ನೇ ಕಲಮಿನ ಪ್ರಕಾರ ಗೊತ್ತಾದವರು ತಿಳಿಸಲೇಬೇಕು. ಗೆಳೆತನ, ಮನೆತನದ ಮರ್ಯಾದೆ ಅಂತ ಸುಮ್ನೆ ಕೂರೋ ಹಾಗಿಲ್ಲ. ಮಕ್ಕಳ ಸಹಾಯವಾಣಿ 1098 ಅನ್ನು ಈಗ ಪ್ರತಿ ವಿದ್ಯಾರ್ಥಿಯ ಫೋನಿನಲ್ಲಿ ಮೊದಲ ದಿನವೇ ಸೇವ್ ಮಾಡಿಸುತ್ತೇವೆ.

ಆ ರಾತ್ರಿ, ಆಮೇಲಿನ ನಾಲ್ಕು ದಿನ

ಕಷ್ಟದ ಮಾತು ಅದೇ ರಾತ್ರಿ ಆಯಿತು. ನನ್ನನ್ನೂ ಕರೆಸಿದರು. ಮನೆಯಲ್ಲಿ ಇರುವ ದೊಡ್ಡವರೆಲ್ಲರ ಪೊಲೀಸ್ ಪರಿಶೀಲನೆ ಆಗಿರಬೇಕು, ಕಾಕಾನದು ಆಗಿಲ್ಲ ಅಂತ ಹೇಳಿದ ಕೂಡಲೇ ಗೆಳತಿಯ ಗಂಡನಿಗೆ ಸಿಟ್ಟು ಬಂತು. "ಮೇಡಂ, ಅವ ನನ್ನ ತಮ್ಮ. ಅವನ ಮ್ಯಾಲ ಪೊಲೀಸ್ ಚೆಕ್ ಮಾಡಸ್ತೀರೇನ್ರಿ? ಓಣ್ಯಾಗ ನಮ್ಮ ಮರ್ವಾದಿ ಏನ್ ಉಳೀತದ?"

ನಾನು ಉತ್ತರ ಹುಡುಕುತ್ತಿದ್ದೆ. ನರ್ಸ್ ಹೇಳಿದರು: "ತಮ್ಮಾ, ನಿನ್ನ ತಮ್ಮ ಛಲೋ ಹುಡುಗ. ಆಕಿನೂ ಅದೇ ಹೇಳ್ಯಾಳ. ನಾ ಅವನ ಬಗ್ಗೆ ಕೇಳ್ಲಿಕ್ಕ ಬಂದಿಲ್ಲ. ಈ ಹುಡುಗಿಗಿ ರಾತ್ರಿ ಸಂಡಾಸಕ್ಕ ಹೋಗ್ಲಿಕ್ಕ ದಾರಿ ಅದನೋ ಇಲ್ಲೋ, ಅಷ್ಟ ಕೇಳ್ಲಿಕ್ಕ ಬಂದೀನಿ."

ಹಾಲ್ ಪೂರ್ತಿ ಸುಮ್ಮನಾಯಿತು. ಆಯಿ ಮೊದಲು ಬಾಯಿ ಬಿಟ್ಟರು. ತಾವು ಸೊಸೆಯಾಗಿ ಬಂದ ಹೊಸದರಲ್ಲಿ ಮಾವ ಪಡಸಾಲೆಯಲ್ಲಿ ಮಲಗಿರುತ್ತಿದ್ದರಂತೆ. ಬೆಳಕು ಹರಿಯೋ ತನಕ ತಡೆದುಕೊಂಡಿರುತ್ತಿದ್ದೆ ಅಂದರು. ಗೆಳತಿ ತಲೆ ತಗ್ಗಿಸಿ ಅಳುತ್ತಿದ್ದಳು. ಅವಳ ಮಗಳಿಗೆ ಅವನು ಎತ್ತಿ ಆಡಿಸಿದ ಕಾಕಾ. ಈ ಹುಡುಗಿಗೆ ಪರಿಚಯವಿಲ್ಲದ ಗಂಡಸು. ಒಂದೇ ಕೋಣೆಯಲ್ಲಿ ಮಲಗುವ ಇಬ್ಬರು ಹುಡುಗಿಯರಿಗೆ ಆ ಹಾಲ್ ಒಂದೇ ಆಗಿರಲಿಲ್ಲ ಅನ್ನೋದು ನಮಗ್ಯಾರಿಗೂ ಹೊಳೆದಿರಲಿಲ್ಲ.

ಕಾಕಾ ಅಷ್ಟೊತ್ತೂ ಬಾಗಿಲ ಹತ್ತಿರ ನಿಂತಿದ್ದ. ಏನೂ ಮಾತಾಡದೆ ಪುಸ್ತಕ, ಚಾಪೆ ಕಟ್ಟಿಕೊಂಡು ಬಸ್ ಸ್ಟ್ಯಾಂಡ್ ಕಡೆ ಗೆಳೆಯನ ರೂಮಿಗೆ ಹೋದ. ಹೋಗುವಾಗ ನನಗೆ, "ಅರ್ಜಿ ಹಾಕ್ರಿ ಮೇಡಂ. ನಾಳಿ ನೌಕ್ರಿಗಿ ನಂಗೂ ಬೇಕಾಗ್ತದ" ಅಂದ. ಅವನ ಮೇಲೆ ಯಾವ ತಪ್ಪೂ ಇಲ್ಲ ಅಂತ ಆ ರಾತ್ರಿಯೇ ಎಲ್ಲರ ಮುಂದೆ ಬಾಯಿಬಿಟ್ಟು ಹೇಳಬೇಕಿತ್ತು. ನಾನು ಮಾರನೇ ದಿನ ಅವನ ರೂಮಿಗೆ ಹೋಗಿ ಹೇಳಿದೆ.

ಹುಡುಗಿಯನ್ನು ಬೆಳಿಗ್ಗೆಯೇ ಲೇಡಿ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದೆವು. ನೀರು ಕಡಿಮೆಯಾಗಿ, ತಡೆದುಕೊಂಡು ಬಂದ ಸೋಂಕು. ಮಾತ್ರೆ ಕೊಟ್ಟರು. ಅವಳ ತಂದೆತಾಯಿಗೆ ವಿಡಿಯೊ ಕಾಲ್‌ನಲ್ಲಿ ಎಲ್ಲವನ್ನೂ ಇದ್ದ ಹಾಗೆ ಹೇಳಿದೆವು. ಜರ್ಮನಿಯ ಸಂಸ್ಥೆಗೆ ಬರೆದೆವು. ಅವರು ಕೇಳಿದ ಮೊದಲ ಪ್ರಶ್ನೆ, ಪರಿಶೀಲನೆ ಮುಗಿದ ಬದಲಿ ಮನೆ ಯಾವುದು? ನಮ್ಮ ಹತ್ತಿರ ಬದಲಿ ಮನೆ ಇರಲಿಲ್ಲ. ಒಂದು ಮನೆ ಸಿಕ್ಕಿದ ಸಮಾಧಾನದಲ್ಲಿ ಎರಡನೆಯದನ್ನು ಹುಡುಕಿರಲೇ ಇಲ್ಲ. ಸುಮ್ನೆ ನಮ್ಮ ಮನೆಗೆ ಕರೆದುಕೊಂಡು ಹೋಗ್ತೀನಿ ಅಂದೆ. ನಿಮ್ಮ ಮನೆಯ ಪರಿಶೀಲನೆ ಆಗಿದೆಯಾ ಅಂತ ಕೇಳಿದರು. ಆಗಿರಲಿಲ್ಲ.

ಕೊನೆಗೆ ನರ್ಸ್ ಬೀದರಕ್ಕೆ ವಾಪಸ್ ಹೋಗದೆ ಅದೇ ಮನೆಯಲ್ಲಿ ಹುಡುಗಿಯರ ಕೋಣೆಯಲ್ಲೇ ನಾಲ್ಕು ರಾತ್ರಿ ಮಲಗಿದರು. ಅಷ್ಟರಲ್ಲಿ ರೋಜಾ ಕಡೆ ಇನ್ನೊಂದು ಮನೆ ಗೊತ್ತಾಯಿತು. ಗಂಡ-ಹೆಂಡತಿ ಇಬ್ಬರೂ ಶಿಕ್ಷಕರು, ಪಿಯುಸಿ ಓದುವ ಮಗಳು. ಬೇರೆ ಕೆಲಸಕ್ಕೆ ಅಂತ ಇಬ್ಬರೂ ಆಗಲೇ ಪೊಲೀಸ್ ಸರ್ಟಿಫಿಕೇಟ್ ತೆಗೆಸಿಟ್ಟಿದ್ದರು, ಇಲ್ಲದಿದ್ದರೆ ನಾಲ್ಕು ದಿನದಲ್ಲಿ ಆಗುವ ಮಾತಲ್ಲ. ಈ ಸಲ ಮನೆ ನೋಡಿದ್ದು ನರ್ಸ್. ಒಳಗೆ ಹೋದವರೇ ಮಗು ಮಲಗುವ ಮಂಚದಿಂದ ಬಾತ್‌ರೂಮಿನವರೆಗೆ ನಡೆದು ನೋಡಿದರು. ದೀಪ ಆರಿಸಿ ಮತ್ತೊಮ್ಮೆ ನಡೆದರು.

ಮೊದಲ ಮನೆಯಲ್ಲೇ ಇರಿಸಬಹುದಿತ್ತಲ್ಲ, ಕಾಕಾ ಹೇಗೂ ಹೋದನಲ್ಲ ಅಂತ ನಮ್ಮ ಸಂಸ್ಥೆಯಲ್ಲೇ ಕೆಲವರು ಕೇಳಿದರು. ಹುಡುಗಿಯೂ ಇರ್ತೀನಿ ಅಂದಿದ್ದಳು. ಆದರೆ ಒಬ್ಬ ಅತಿಥಿಗೋಸ್ಕರ ಮನೆಮಗ ಹೊರಗಿರಬೇಕು ಅನ್ನೋ ಪರಿಸ್ಥಿತಿ ಎಷ್ಟು ದಿನ ನಡೆಯುತ್ತದೆ? ಅವನ ಓದು ಕೆಡುತ್ತದೆ, ಆಯಿಗೆ ಸಂಕಟ, ಅದು ನಿಧಾನಕ್ಕೆ ಹುಡುಗಿಯ ತಲೆಯ ಮೇಲೆ ಬರುತ್ತದೆ. ಮನೆ ಬದಲಿಸಿದ್ದು ಸರಿ ಅಂತ ಇವತ್ತಿಗೂ ನನ್ನ ಅಭಿಪ್ರಾಯ. ಗೆಳತಿ ಮಾತ್ರ ಒಂದು ತಿಂಗಳು ನನ್ನ ಫೋನ್ ಎತ್ತಲಿಲ್ಲ. ಎಳ್ಳಮಾಸಿಗೆ, ಅಂದರೆ ಎಳ್ಳ ಅಮಾವಾಸ್ಯೆಗೆ, ಎರಡು ದಿನ ಮುಂಚೆ ಅವಳೇ ಫೋನ್ ಮಾಡಿದಳು. ಹೊಲಕ್ಕೆ ಬರ್ರಿ, ಆಕಿನ್ನೂ ಕರಕೊಂಡು ಬರ್ರಿ, ಆ ಮನಿಯವರನ್ನೂ ಕರೀರಿ. ಎಲ್ಲರೂ ಹೋದೆವು. ಸಜ್ಜಿ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆ. ಕಾಕಾ ಹೊಲದ ತುಂಬ ಚರಗ, ಅಂದರೆ ಭೂಮಿತಾಯಿಗೆ ನೈವೇದ್ಯದ ಅಡುಗೆ, ಚೆಲ್ಲುತ್ತಾ ನಡೆದ, ಹಿಂದೆ ಮಕ್ಕಳು, ಅವರ ಹಿಂದೆ ಈ ಹುಡುಗಿ.

ನಿಯಮದಲ್ಲಿ ಬದಲಾದದ್ದು

ನಮ್ಮ ಎರಡು ಪುಟ ಈಗ ಆರು ಪುಟ ಆಗಿದೆ. ಅದರಲ್ಲಿ ನನಗೆ ಮುಖ್ಯ ಅನ್ನಿಸೋದು ಕೆಲವೇ. 'ಸಾಧ್ಯವಾದರೆ' ಅನ್ನೋ ಪದವನ್ನು ಎಲ್ಲ ಕಡೆಯಿಂದ ತೆಗೆದೆವು. ಮನೆ ಹುಡುಕಿದವರು ಆ ಮನೆಗೆ ಎರಡನೇ ಭೇಟಿ ಕೊಡೋ ಹಾಗಿಲ್ಲ, ತಿಂಗಳ ವರದಿ ಬರೆಯೋ ಹಾಗೂ ಇಲ್ಲ. ಮಗು ಓದುವ ಶಾಲೆಯ ಶಿಕ್ಷಕರು ಅದರ ಮೇಲ್ವಿಚಾರಕರಾಗೋ ಹಾಗಿಲ್ಲ. ನಾನು ಮನೆಯನ್ನು ಪ್ರೀತಿಯಿಂದ ನೋಡಿದ್ದೆ, ಪ್ರೀತಿ ಇದ್ದ ಕಡೆ ಪ್ರಶ್ನೆ ಕೇಳೋಕೆ ನಾಲಿಗೆ ಏಳೋದಿಲ್ಲ. ಜನ ಕಡಿಮೆ ಅನ್ನೋ ನೆಪವೂ ನಿಲ್ಲೋದಿಲ್ಲ. ಅಮೆರಿಕದ ನಿಯಮದಲ್ಲಿ ಸ್ಥಳೀಯ ಸಂಯೋಜಕರು ಮಗು ಇರುವ ಮನೆಯಿಂದ 120 ಮೈಲಿಯೊಳಗೆ, ಅಂದರೆ ಸುಮಾರು 193 ಕಿಲೋಮೀಟರಿನೊಳಗೆ ಇರಬೇಕು ಅಂತಿದೆ. ಬೀದರ, ಕಲಬುರಗಿ, ಯಾದಗಿರಿ ಒಂದಕ್ಕೊಂದು ಹತ್ತಿರದ ಜಿಲ್ಲೆಗಳು. ಬೀದರದವರು ಕಲಬುರಗಿ ಮನೆಗಳನ್ನು ನೋಡುತ್ತಾರೆ, ನಾವು ಬೀದರದ ಮನೆಗಳನ್ನು ನೋಡುತ್ತೇವೆ.

ತಿಂಗಳ ಮಾತು ಮನೆಯೊಳಗೆ ನಡೆಯೋದಿಲ್ಲ. ಕಲಬುರಗಿಯಾದರೆ ಅಪ್ಪನ ಕೆರೆ ಪಕ್ಕ ಒಂದು ಸುತ್ತು ನಡೆಯುತ್ತಾ ಮಾತಾಡುತ್ತೇವೆ, ಫೋನ್ ಇಲ್ಲದೆ, ಮನೆಯವರಿಲ್ಲದೆ. ಮನೆಯವರ ಜೊತೆಗೂ ಹಾಗೇ ಬೇರೆಯಾಗಿ, ಅವರಿಗೂ ಹೇಳಿಕೊಳ್ಳೋದು ಇರುತ್ತದೆ ಅಲ್ವಾ. ಮೊದಲ ಮಗು ಬರುವ ಮುಂಚೆಯೇ ಬದಲಿ ಮನೆಯ ಕಾಗದ ಪೂರ್ತಿ ಮುಗಿದಿರಬೇಕು. ಬಾತ್‌ರೂಮಿನ ಸಾಲು ಈಗ ನಮ್ಮ ಮೊದಲ ಪುಟದಲ್ಲಿದೆ.

'ಮನೆಯಲ್ಲಿ ಎಷ್ಟು ಜನ' ಅನ್ನೋ ಪ್ರಶ್ನೆಯನ್ನು ಫಾರ್ಮಿನಿಂದ ತೆಗೆದುಹಾಕಿದೆವು. ಅದರ ಬದಲು ಇನ್ನೊಂದು ಪ್ರಶ್ನೆ ಬರೆದೆವು. ಪ್ರತಿ ಭೇಟಿಯಲ್ಲೂ ಅದನ್ನು ಮತ್ತೆ ಕೇಳುತ್ತೇವೆ.

ಹೋದ ತಿಂಗಳು ಬೀದರದಲ್ಲಿ ಒಂದು ಮನೆಯ ಎರಡನೇ ಭೇಟಿಗೆ ಹೋಗಿದ್ದೆ. ಒಳ್ಳೆಯ ಮನೆ. ಫೈಲಿನಲ್ಲಿ ದೊಡ್ಡವರು ನಾಲ್ವರು ಅಂತಿತ್ತು. ಚಹಾ ಕುಡಿದು, ಮನೆಯಾಕೆಯನ್ನು ಕೇಳಿದೆ: "ವೈನಿ, ನಿನ್ನಿ ರಾತ್ರಿ ಈ ಮನ್ಯಾಗ ಯಾರ್ಯಾರು ಮಲಗಿದ್ರಿ?" ಆಕೆ ಬೆರಳು ಮಡಚುತ್ತಾ ಎಣಿಸಿದಳು. ಅತ್ತಿ, ಮಾವ, ನಾನು, ಇವರು. ಅಲ್ಲಿಗೆ ನಿಲ್ಲಿಸಿದಳು. ಸ್ವಲ್ಪ ಹೊತ್ತು ಕೈಯನ್ನೇ ನೋಡಿದಳು. ಆಮೇಲೆ ಐದನೇ ಬೆರಳು ಮಡಚಿದಳು. "ನಮ್ಮ ಅಣ್ಣ ಬಂದಾನ್ರಿ, ದವಾಖಾನಿಗಿ. ಮುಂದಿನ ವಾರ ಹೋಗ್ತಾನ." ನಾನು ಪೆನ್ನು ತೆಗೆದು ಆ ಅಣ್ಣನ ಹೆಸರು ಕೇಳಿದೆ. ಆಮೇಲೆ ಅವನು ಎಲ್ಲಿ ಮಲಗುತ್ತಾನೆ ಅಂತ ನೋಡೋಕೆ ಎದ್ದೆ.